ಹೊಸ್ತಿಲ ಬಳಿ ನಿಂತುಹೋಗುವ ಕಾಲು



ಮೊನ್ನೆ ಬೀಜೋಪಚಾರ ತೋರಿಸಲು ಹೋಗಿದ್ದ ಮನೆಯಲ್ಲಿ ಹಿರಿಯರೊಬ್ಬರು ಅಂಗಳ ದಾಟಿ ಬಂದು, ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿದವರಂತೆ ನಿಂತುಬಿಟ್ಟರು. ಮಗನು “ಬಾರಪ್ಪ, ಎಷ್ಟು ಹೊತ್ತು” ಎಂದು ಕೈಹಿಡಿದು ಎಳೆದನು. ಅವರು ಮುಗ್ಗರಿಸಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ.

ಅದು ಹಠವಲ್ಲ, ಸೋಮಾರಿತನವೂ ಅಲ್ಲ. ಅವರಿಗಿರುವುದು ಪಾರ್ಕಿನ್‌ಸನ್ ರೋಗ. 1817ರಲ್ಲಿ ಲಂಡನ್ನಿನ ವೈದ್ಯರಾದ ಜೇಮ್ಸ್ ಪಾರ್ಕಿನ್‌ಸನ್ ಇದನ್ನು ವಿವರಿಸಿ ಬರೆದರು. ಮಿದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯವನ್ನು ತಯಾರಿಸುವ ಜೀವಕೋಶಗಳು ನಾಶವಾಗುತ್ತ ಬರುವುದರಿಂದ ಕೈ ನಡುಗುವುದು, ಮೈ ಬಿಗಿಯುವುದು, ಹೆಜ್ಜೆ ಕಿರಿದಾಗುವುದು. ನಾವೆಲ್ಲ ಯೋಚಿಸದೆಯೇ ನಡೆಯುತ್ತೇವಲ್ಲ, ಆ ರೂಢಿಯ ನಡಿಗೆಯೇ ಕೆಡುವುದು.

ಆದರೆ ಕಣ್ಣಿಗೆ ಕಂಡ ಗುರುತಿನ ಮೇಲೆ ಇಡುವ ಹೆಜ್ಜೆಗೆ ಮಿದುಳು ಬೇರೆ ದಾರಿಯನ್ನು ಹಿಡಿಯುವುದು. ಆದುದರಿಂದ ಹೊಸ್ತಿಲ ಆಚೆ ಈಚೆ, ಒಂದೊಂದು ಹೆಜ್ಜೆಯ ಅಂತರದಲ್ಲಿ, ಸುಣ್ಣದ ಅಡ್ಡಗೆರೆಗಳನ್ನು ಎಳೆಯಿರಿ. ಎಳೆದಾಡದೆ “ಗೆರೆ ದಾಟಿ” ಎನ್ನಿರಿ, ಇಲ್ಲವೆ “ಒಂದು, ಎರಡು” ಎಂದು ತಾಳ ಹಾಕಿರಿ. ತಿರುಗುವಾಗ ನಿಂತಲ್ಲೇ ತಿರುಗದೆ ಅಗಲವಾಗಿ ಸುತ್ತಿ ಬರಲಿ. ಆ ಮನೆಯಲ್ಲಿ ನಾಲ್ಕು ಗೆರೆ ಎಳೆದೆವು. ಹಿರಿಯರು ಮೊದಲನೆಯದರಲ್ಲಿ ತುಸು ತಡೆದು, ಉಳಿದವನ್ನು ದಾಟಿದರು. ಎಲ್ಲರಿಗೂ ಹೀಗೆಯೇ ಆದೀತೆಂದು ಹೇಳಲಾರೆ. ನಾನು ಓದಿದ್ದು ಬೇಸಾಯ, ವೈದ್ಯವಲ್ಲ.

ಮಿದುಳಿಗೆ ವಿದ್ಯುತ್ ತಂತಿ ಇಳಿಸುವ ಚಿಕಿತ್ಸೆಯ ಸುದ್ದಿಯನ್ನು ಕೆಲವರು ಕೇಳಿರಬಹುದು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ಊರಿನಲ್ಲಿ ಬೆನಾಬಿಡ್ ಎಂಬ ವೈದ್ಯರು ಇದಕ್ಕೆ ಈಗಿನ ರೂಪ ಕೊಟ್ಟರು. ತಂತಿಯ ತುದಿ ಮಿದುಳಿನ ಆಳದಲ್ಲಿ, ಬ್ಯಾಟರಿ ಎದೆಯ ಚರ್ಮದಡಿ ಇರುವುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಮಾಡುತ್ತಾರೆ. ತಕ್ಕ ರೋಗಿಗಳಲ್ಲಿ ನಡುಕ, ಬಿಗಿತ ಚೆನ್ನಾಗಿ ತಗ್ಗುವುವು. ಆದರೆ ಗುಳಿಗೆಯ ಬಲವಿದ್ದಾಗಲೂ ಬಿಡದ ಕಾಲಿನ ಅಂಟು ಸಾಮಾನ್ಯವಾಗಿ ತಂತಿಗೂ ಬಗ್ಗದು. ಹೊಲ ಮಾರುವ ಮಾತಿಗೆ ಮೊದಲು ಇದನ್ನು ವೈದ್ಯರಲ್ಲಿ ಬಿಡಿಸಿ ಕೇಳತಕ್ಕದ್ದು. ತಂತಿ ಹಾಕಿಸಿಕೊಂಡವರೂ ನಡಿಗೆಯ ವ್ಯಾಯಾಮವನ್ನು ಬಿಡುವಂತಿಲ್ಲ.

ಇನ್ನೊಂದು ಮಾತು. ಈ ರೋಗದ ಮುಖ್ಯ ಗುಳಿಗೆಯಲ್ಲಿರುವ ಲೆವೊಡೋಪಾ ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲಿಯೂ ಉಂಟು. ಹಾಗೆಂದು ಬೀಜ ಕುಟ್ಟಿ ಕೊಡಬೇಡಿರಿ. ಬೀಜದಿಂದ ಬೀಜಕ್ಕೆ ಅದರ ಪ್ರಮಾಣ ಬದಲಾಗುವುದು. ವೈದ್ಯರು ಬೇರೆ ಹೇಳದಿದ್ದರೆ ಗುಳಿಗೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ, ದಿನವೂ ಅದೇ ವೇಳೆಗೆ ಕೊಡಿರಿ. ಅದರ ಬಲವಿರುವ ಹೊತ್ತಿನಲ್ಲೇ ಗೆರೆಗಳ ಮೇಲೆ ನಡೆಸಿರಿ.