ಆಶ್ರಯ ಕೊಟ್ಟರೆ ಮುಗಿಯಿತೇ?

2019ರ ಆಗಸ್ಟ್ 22ರಂದು ಬಾಂಗ್ಲಾದೇಶದ ಟೆಕ್ನಾಫ್‌ನಲ್ಲಿ ರೊಹಿಂಗ್ಯಾ ನಿರಾಶ್ರಿತರನ್ನು ಮ್ಯಾನ್ಮಾರ್‌ಗೆ ವಾಪಸ್ ಕಳಿಸಲು ಬಸ್ಸುಗಳು ಸಾಲಾಗಿ ನಿಂತಿದ್ದವು. ಒಬ್ಬರೂ ಹತ್ತಲಿಲ್ಲ. ‘ಮೊದಲು ಪೌರತ್ವ ಕೊಡಲಿ, ಆಮೇಲೆ ಹೋಗುತ್ತೇವೆ’ ಎಂಬುದು ಅವರ ಬೇಡಿಕೆ. ಬಾಂಗ್ಲಾ ಸರಕಾರ ಅವರನ್ನು ಬಲವಂತವಾಗಿ ಹತ್ತಿಸಲಿಲ್ಲ. ಬಸ್ಸುಗಳು ಖಾಲಿಯಾಗಿಯೇ ಮರಳಿದವು.

2017ರ ಆಗಸ್ಟ್ 25ರ ನಂತರ ರಖೈನ್ ಪ್ರಾಂತದಲ್ಲಿ ಸೇನೆಯ ದೌರ್ಜನ್ಯಕ್ಕೆ ಹೆದರಿ, ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾಗಳು ಗಡಿ ದಾಟಿ ಬಂದರು. ಬಾಂಗ್ಲಾ ಶ್ರೀಮಂತ ದೇಶವಲ್ಲ. ನಿರಾಶ್ರಿತರ ಕುರಿತ 1951ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸಹಿಯನ್ನೂ ಹಾಕಿಲ್ಲ. ಆದರೂ ಗಡಿ ತೆರೆಯಿತು. ಉಖಿಯಾ, ಟೆಕ್ನಾಫ್‌ನ ಬಡ ಊರಿನವರೇ ಮೊದಲು ಅನ್ನ ನೀರು ಕೊಟ್ಟವರು.

ಆಶ್ರಯ ಕೊಟ್ಟು ಬಾಂಗ್ಲಾ ಸುಮ್ಮನೆ ಕೂರಲಿಲ್ಲ. ಆಗಿನ ಪ್ರಧಾನಿ ಶೇಕ್ ಹಸೀನಾ ಅದೇ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ವಿಷಯ ಎತ್ತಿದರು. ನವೆಂಬರ್‌ನಲ್ಲಿ ಮ್ಯಾನ್ಮಾರ್ ಜೊತೆ ವಾಪಸಾತಿಯ ಒಪ್ಪಂದವಾಯಿತು. 2019ರಲ್ಲಿ ಆಫ್ರಿಕಾದ ಪುಟ್ಟ ದೇಶ ಗಾಂಬಿಯಾ, ಇಸ್ಲಾಮಿಕ್ ಸಹಕಾರ ಸಂಘಟನೆಯ ಬೆಂಬಲದೊಂದಿಗೆ ಮ್ಯಾನ್ಮಾರನ್ನು ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಿತು. ರೊಹಿಂಗ್ಯಾಗಳನ್ನು ನರಮೇಧದಿಂದ ರಕ್ಷಿಸಬೇಕೆಂದು 2020ರ ಜನವರಿ 23ರಂದು ಮಧ್ಯಂತರ ಆದೇಶ ಬಂತು.

ನಮ್ಮ ಮದ್ರಸದ ಮಕ್ಕಳಿಗೂ ಗೊತ್ತಿರುವ ಚರಿತ್ರೆಯೊಂದಿದೆ. ಹಬ್‌ಶಾಕ್ಕೆ ಹಿಜ್‌ರಾ ಹೋದ ಸಹಾಬಿಗಳನ್ನು ಒಪ್ಪಿಸಿ ಎಂದು ಕುರೈಶರ ದೂತರು ಉಡುಗೊರೆ ಹೊತ್ತು ಬಂದಿದ್ದರು. ನಜ್ಜಾಶಿ ದೊರೆ ಜಅಫರ್ (ರ) ಅವರ ಮಾತನ್ನೂ ಕೇಳಿದರು, ಉಡುಗೊರೆಯನ್ನು ಹಿಂದಿರುಗಿಸಿದರು, ಸಹಾಬಿಗಳನ್ನು ಒಪ್ಪಿಸಲಿಲ್ಲ. ಆಶ್ರಯ ಎಂದರೆ ಬಾಗಿಲು ತೆರೆಯುವುದು ಮಾತ್ರವಲ್ಲ, ಬಂದವರ ಮಾತು ಕೇಳದೆ ಹಿಂದಕ್ಕೆ ತಳ್ಳದಿರುವುದು ಕೂಡ.

ಆದರೆ ಬಾಂಗ್ಲಾದಲ್ಲೂ ಎಲ್ಲವೂ ಸರಿಯಿಲ್ಲ. ಶಿಬಿರಗಳ ಸುತ್ತ ತಂತಿ ಬೇಲಿ ಎದ್ದಿದೆ. ಹೊರಗೆ ದುಡಿಯಲು ಅನುಮತಿಯಿಲ್ಲ. ಸ್ಥಳೀಯ ಶಾಲೆಗೆ ಮಕ್ಕಳನ್ನು ಸೇರಿಸುವಂತಿಲ್ಲ. ಜಗತ್ತಿನ ನೆರವೂ ಬತ್ತಿತು. 2023ರಲ್ಲಿ ಒಬ್ಬರಿಗೆ ತಿಂಗಳಿಗೆ 12 ಡಾಲರ್ ಇದ್ದ ಪಡಿತರ 8 ಡಾಲರಿಗೆ ಇಳಿಯಿತು. ಬೇರೆಯವರು ಕೈಬಿಟ್ಟ ಭಾರವನ್ನು ಒಂದು ಬಡ ದೇಶವೇ ಎಷ್ಟು ಕಾಲ ಹೊರಬೇಕು ಹೇಳಿ?

2017ರಲ್ಲಿ ತಾಯಿಯ ಸೊಂಟದಲ್ಲಿ ಕುಳಿತು ಗಡಿ ದಾಟಿದ ಮಗು ಈಗ ನಮ್ಮ ಮದ್ರಸದಲ್ಲಿ ಕೂರುವ ಮಕ್ಕಳ ಪ್ರಾಯದ್ದು. ಅದಕ್ಕೆ ಅನ್ನದಷ್ಟೇ ಅಕ್ಷರವೂ ಬೇಕು, ನನ್ನದು ಎನ್ನಲು ಒಂದು ದೇಶವೂ ಬೇಕು. ನಮ್ಮ ದುಆಗಳಲ್ಲಿ ಆ ಮಕ್ಕಳೂ ಇರಲಿ, ಆಶ್ರಯ ಕೊಟ್ಟ ಆ ಬಡ ಊರುಗಳ ಜನರೂ ಇರಲಿ.