ದೀಪ ನಮ್ಮದು, ಕಡತ ಯಾರದು?

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಅಂದಿನಿಂದ ಬಹುಕಾಲದವರೆಗೆ ದೀಪಕ್ಕೂ ಗುಂಡಿಗೂ ಇದ್ದ ಸಂಬಂಧ ಅತ್ಯಂತ ಸರಳವಾದುದು. ಗುಂಡಿಯಿಂದ ತಂತಿ, ತಂತಿಯ ತುದಿಯಲ್ಲಿ ದೀಪ. ಗುಂಡಿ ಒತ್ತಿದರೆ ಬೆಳಕು, ಎತ್ತಿದರೆ ಕತ್ತಲೆ. ಮೈಸೂರಿನ ಅರಮನೆಯ ಮೇಲಣ ಸುಮಾರು ಒಂದು ಲಕ್ಷ ಬಲ್ಬುಗಳು ದಶಕಗಳ ಕಾಲ ಲೋಕವನ್ನು ಬೆರಗುಗೊಳಿಸಿದುದೂ ಈ ತತ್ತ್ವದ ಆಧಾರದಿಂದಲೇ. ಬಲ್ಬು ಕೆಟ್ಟರೆ ಹೊಸದನ್ನು ತಿರುಗಿಸಿ ಕೂಡಿಸಿದರಾಯಿತು. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ಹೈದರಾಬಾದಿನ ಪಶ್ಚಿಮ ದಿಕ್ಕಿನಲ್ಲಿರುವ ಮಣಿಕೊಂಡಕ್ಕೆ ಇಂದು ಹೋಗಿ ನೋಡಿದವರಿಗೆ ಆ ಕಾಲ ಮುಗಿಯುತ್ತ ಬಂದಿದೆಯೆಂಬುದು ಮನವರಿಕೆಯಾಗುತ್ತದೆ. ಗಚ್ಚಿಬೌಲಿಯ ಕಂಪ್ಯೂಟರ್ ಕಚೇರಿಗಳಿಗೆ ಸಮೀಪವಾದ ಈ ಊರಿನಲ್ಲಿ ಬಂಡೆಗಳ ನಡುವೆ ಗೋಪುರದಂತಹ ವಸತಿ ಕಟ್ಟಡಗಳೂ, ಸಮಾರಂಭದ ಸಭಾಂಗಣಗಳೂ, ಉಪಾಹಾರ ಗೃಹಗಳೂ ಎದ್ದು ನಿಂತಿವೆ. ಇವುಗಳಲ್ಲಿ ಹಲವೆಡೆ ಗೋಡೆಯ ಮೇಲಿನ ಗುಂಡಿಗೂ ಚಾವಣಿಯ ದೀಪಕ್ಕೂ ನೇರವಾದ ತಂತಿಯೇ ಇಲ್ಲ! ಗುಂಡಿ ಒಂದು ಸಂದೇಶವನ್ನು ಮಾತ್ರ ಕಳುಹಿಸುತ್ತದೆ. ಆ ಸಂದೇಶಕ್ಕೆ ಯಾವ ದೀಪ ಓಗೊಡಬೇಕು, ಎಷ್ಟು ಬೆಳಗಬೇಕು, ಎಷ್ಟು ಹೊತ್ತಿಗೆ ಆರಬೇಕು ಎಂಬುದನ್ನೆಲ್ಲ ಎಂಜಿನಿಯರೊಬ್ಬರು ಕಂಪ್ಯೂಟರಿನಲ್ಲಿ ಮುಂಚಿತವಾಗಿ ಬರೆದಿಟ್ಟಿರುತ್ತಾರೆ. ಹಾಗೆ ಬರೆದಿಡುವ ಸಾಧನಕ್ಕೆ ದೀಪನಿಯಂತ್ರಣದ ವಿನ್ಯಾಸ ತಂತ್ರಾಂಶವೆಂದು ಹೆಸರು. ಬರೆದಿಟ್ಟ ಬರಹಕ್ಕೆ ಪ್ರಾಜೆಕ್ಟ್ ಫೈಲ್, ಅರ್ಥಾತ್ ಯೋಜನಾ ಕಡತ.

ಹೋಟೆಲಿನ ಗಲ್ಲಾದಲ್ಲಿ ಕುಳಿತವರಿಗೂ, ಕಚೇರಿಯ ಗುಮಾಸ್ತರಿಗೂ ಇದರ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಟ್ಟಡವನ್ನು ಕಟ್ಟಿಸಿದವರು ಅದರ ದೀಪಗಳ ಸಂಗಡ ಹಗಲಿರುಳು ಬಾಳುವುದಿಲ್ಲ, ಬಾಳುವವರು ನಾವು. ದೀಪ ಹೊತ್ತದಿದ್ದರೆ ಮಾತು ಕೇಳಬೇಕಾದವನು ಮ್ಯಾನೇಜರು. ಕಾಗದಪತ್ರ ಹುಡುಕಬೇಕಾದವನು ಗುಮಾಸ್ತ. ಆದಕಾರಣ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯಲು ನಾವು ಉದ್ದೇಶಿಸಿದ್ದೇವೆ.

ಎರಡು ತಂತಿ, ಅರುವತ್ತನಾಲ್ಕು ವಿಳಾಸ

ದೀಪನಿಯಂತ್ರಣಕ್ಕೆ ಇಂದು ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಪದ್ಧತಿಗಳಲ್ಲಿ ‘ಡಾಲಿ’ ಎಂಬುದು ಪ್ರಮುಖವಾದುದು. ಇದು ಒಂದು ಕಂಪೆನಿಯ ಸ್ವತ್ತಲ್ಲ, ಐ.ಇ.ಸಿ. 62386 ಎಂಬ ಅಂತರರಾಷ್ಟ್ರೀಯ ಮಾನಕ. ಇದರಲ್ಲಿ ವಿದ್ಯುತ್ತಿನ ತಂತಿಗಳಲ್ಲದೆ ಸಂದೇಶಕ್ಕಾಗಿ ಬೇರೆ ಎರಡು ತಂತಿಗಳಿರುತ್ತವೆ. ಅವು 300 ಮೀಟರುಗಳವರೆಗೆ ಹರಿಯಬಹುದು. ಇಂತಹ ಒಂದು ಸಾಲಿನಲ್ಲಿ ಹೆಚ್ಚೆಂದರೆ 64 ದೀಪಗಳ ಡ್ರೈವರುಗಳಿಗೆ ಪ್ರತ್ಯೇಕ ವಿಳಾಸ ಕೊಡಬಹುದು. ಅವುಗಳನ್ನು 16 ಗುಂಪುಗಳಾಗಿ ವಿಂಗಡಿಸಬಹುದು. 16 ‘ದೃಶ್ಯ’ಗಳನ್ನು ನೆನಪಿನಲ್ಲಿಡಬಹುದು.

ದೃಶ್ಯವೆಂದರೇನು? ಬೆಳಗಿನ ಉಪಾಹಾರದ ಹೊತ್ತಿನಲ್ಲಿ ಕಿಟಕಿಯ ಬಳಿ ಕಡಿಮೆ, ಒಳಮೂಲೆಯಲ್ಲಿ ಹೆಚ್ಚು. ಮಧ್ಯಾಹ್ನದ ಊಟಕ್ಕೆ ಎಲ್ಲೆಡೆ ಧಾರಾಳ. ರಾತ್ರಿ ಕುಟುಂಬ ಸಮೇತರಾಗಿ ಬರುವವರಿಗೆ ಹಿತವಾದ ಮಂದ ಬೆಳಕು. ಗಿರಾಕಿಗಳೆಲ್ಲ ಹೋದ ಮೇಲೆ ಕ್ಲೀನರ್ ಹುಡುಗರು ನೆಲ ತೊಳೆಯಲು ಪೂರ್ಣ ಬೆಳಕು. ಹೀಗೆ ಒಂದೊಂದು ಹೊತ್ತಿಗೆ ಒಂದೊಂದು ಏರ್ಪಾಡು. ಒಂದೇ ಗುಂಡಿಯ ಒತ್ತುವಿಕೆಯಿಂದ ಎಲ್ಲ ದೀಪಗಳೂ ತಮ್ಮ ತಮ್ಮ ಪಾಲಿನ ಮಟ್ಟಕ್ಕೆ ಬಂದು ನಿಲ್ಲುತ್ತವೆ.

ಬೆಳಕಿನ ಮಟ್ಟವನ್ನು 0ಯಿಂದ 254ರವರೆಗಿನ ಅಂಕೆಗಳಿಂದ ಸೂಚಿಸುತ್ತಾರೆ. ಹಾಗಾದರೆ 127 ಎಂದರೆ ಅರ್ಧ ಬೆಳಕೇ? ಅಲ್ಲ. ವಾಡಿಕೆಯ ಲೆಕ್ಕದಲ್ಲಿ ಅದು ಸುಮಾರು ನೂರಕ್ಕೆ ಮೂರರಷ್ಟು ಮಾತ್ರ. ಅರ್ಧ ಬೆಳಕು ಬೇಕಾದರೆ 229ನ್ನು ಬರೆಯಬೇಕು. ಮನುಷ್ಯನ ಕಣ್ಣು ಕತ್ತಲೆಯಲ್ಲಿ ಸಣ್ಣ ವ್ಯತ್ಯಾಸವನ್ನೂ ಗುರುತಿಸುತ್ತದೆ, ಬೆಳಕಿನಲ್ಲಿ ದೊಡ್ಡದನ್ನೂ ಗಮನಿಸುವುದಿಲ್ಲ. ಕಣ್ಣಿನ ಈ ಗುಣಕ್ಕೆ ಹೊಂದುವಂತೆ ಅಂಕೆಗಳನ್ನು ಜೋಡಿಸಿದ್ದಾರೆ. ಇದನ್ನು ತಿಳಿಯದವರು ಅಂಕೆಗಳನ್ನು ಮುಟ್ಟಿದರೆ ಊಟದ ಕೋಣೆ ಗವಿಯಾದೀತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಸಂದೇಶದ ತಂತಿಗಳಲ್ಲಿ ಸುಮಾರು 16 ವೋಲ್ಟು ಮಾತ್ರ ಇರುತ್ತದೆಂದು ಕೇಳಿ ಧೈರ್ಯವಾಗಿ ಕೈಯಿಡಬಾರದು. ಡ್ರೈವರಿನ ಒಳಗೆ ಅವು ಮುಖ್ಯ ವಿದ್ಯುತ್ತಿನ ನೆರೆಯಲ್ಲೇ ಇರುತ್ತವೆ. ಆದುದರಿಂದ ಅವುಗಳನ್ನೂ ಮುಖ್ಯ ತಂತಿಯಂತೆಯೇ ಭಾವಿಸಬೇಕೆಂಬುದು ನಿಯಮ.

ಕಡತದ ಒಳಗೇನಿದೆ?

ಮನೆಗಳಲ್ಲಿಯೂ ದೊಡ್ಡ ಕಟ್ಟಡಗಳಲ್ಲಿಯೂ ಕಾಣುವ ಮತ್ತೊಂದು ಪದ್ಧತಿ ಕೆ.ಎನ್.ಎಕ್ಸ್. ಎಂಬುದು. ಯೂರೋಪಿನ ಮೂರು ಸಂಘಗಳು ಕೂಡಿ 1999ರಲ್ಲಿ ಇದಕ್ಕೆ ತಳಹದಿ ಹಾಕಿದವು. ನೂರಾರು ಕಂಪೆನಿಗಳು ಇದಕ್ಕೆ ಹೊಂದುವ ಉಪಕರಣಗಳನ್ನು ತಯಾರಿಸುತ್ತವೆ. ಆದರೆ ಅವೆಲ್ಲವನ್ನೂ ಜೋಡಿಸುವ ತಂತ್ರಾಂಶ ಒಂದೇ. ಅದರ ಹೆಸರು ಇ.ಟಿ.ಎಸ್. ಇದನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ಯೋಜನಾ ಕಡತದ ಸ್ವರೂಪ ಸುಲಭವಾಗಿ ತಿಳಿಯುತ್ತದೆ.

ಮೊದಲು ಕಟ್ಟಡದ ವಂಶವೃಕ್ಷವನ್ನು ಬರೆಯಬೇಕು: ಕಟ್ಟಡ, ಅಂತಸ್ತು, ಕೋಣೆ. ಅನಂತರ ಆಯಾ ಕೋಣೆಯಲ್ಲಿ ಆಯಾ ಉಪಕರಣವನ್ನು ಇಡಬೇಕು. ಪ್ರತಿಯೊಂದು ಉಪಕರಣಕ್ಕೂ 1.1.5 ಎಂಬಂತಹ ಒಂದು ವಿಳಾಸ; ಇದು ನಮ್ಮ ಮನೆಯ ನಂಬರಿನಂತೆ. ಆಮೇಲೆ 1/2/7 ಎಂಬಂತಹ ಗುಂಪಿನ ವಿಳಾಸಗಳು. ‘ಊಟದ ಕೋಣೆಯ ನಡುದೀಪ’ ಎಂಬ ಕೂಗಿದ್ದಂತೆ. ಗುಂಡಿ ಆ ಕೂಗನ್ನು ಹಾಕುತ್ತದೆ. ಅದೇ ಕೂಗಿಗೆ ಸೇರಿದ ದೀಪ ಓಗೊಡುತ್ತದೆ. ಇದಾದ ಬಳಿಕ, ಎಷ್ಟು ನಿಮಿಷಕ್ಕೆ ಆರಬೇಕು, ಎಷ್ಟು ಮೆಲ್ಲನೆ ಮಂದವಾಗಬೇಕು ಇತ್ಯಾದಿ ಗುಣಗಳನ್ನು ನಿಗದಿಮಾಡಿ, ಉಪಕರಣದ ಮೇಲಿರುವ ಚಿಕ್ಕ ಗುಂಡಿಯನ್ನೊತ್ತಿ, ಬರೆದುದನ್ನೆಲ್ಲ ಅದರೊಳಕ್ಕೆ ಇಳಿಸುತ್ತಾರೆ. ಅಲ್ಲಿಂದ ಮುಂದೆ ಕಂಪ್ಯೂಟರನ್ನು ಬಿಚ್ಚಿಕೊಂಡು ಹೋದರೂ ದೀಪಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ.

ಅಪಾಯವಿರುವುದು ಇಲ್ಲಿಯೇ. ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಕಡತದ ನೆನಪು ಯಾರಿಗೂ ಬರುವುದಿಲ್ಲ. ಅದು ಎಂಜಿನಿಯರ ಕಂಪ್ಯೂಟರಿನಲ್ಲಿಯೇ ಉಳಿಯುತ್ತದೆ. ಉಪಕರಣಗಳಲ್ಲಿ ಅಂಕೆಗಳಿವೆ, ನಿಜ; ಆದರೆ ‘ಊಟದ ಕೋಣೆಯ ನಡುದೀಪ’ ಎಂಬ ಹೆಸರಾಗಲಿ, ಅಂತಸ್ತು ಕೋಣೆಗಳ ನಕ್ಷೆಯಾಗಲಿ ಅವುಗಳಲ್ಲಿಲ್ಲ. ಅವು ಇರುವುದು ಕಡತದಲ್ಲಿ ಮಾತ್ರ.

ನಮ್ಮ ಕಸುಬಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಸಾಂಬಾರಿನ ಪುಡಿಯ ಅಳತೆಯನ್ನು ಎಲ್ಲಿಯೂ ಬರೆದಿಡದೆ ಭಟ್ಟರ ಕೈಯಳತೆಯನ್ನೇ ನಂಬಿದ ಹೋಟೆಲಿನ ಗತಿ ಏನಾಗುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವು. ಭಟ್ಟರು ಊರಿಗೆ ಹೋದ ದಿನ ಹೋಟೆಲಿನ ರುಚಿಯೂ ಅವರ ಸಂಗಡವೇ ಬಸ್ಸು ಹತ್ತುತ್ತದೆ.

ಒಂದು ದೀಪದ ಕಥೆ

ಮಣಿಕೊಂಡದಲ್ಲಿ ಕೆಳಗೆ ಹೋಟೆಲನ್ನೂ ಮೇಲಂತಸ್ತಿನಲ್ಲಿ ಸಮಾರಂಭದ ಸಭಾಂಗಣವನ್ನೂ ನಡೆಸುತ್ತಿರುವ ನಮ್ಮ ಪರಿಚಿತರೊಬ್ಬರಿದ್ದಾರೆ. ಅವರ ಸಭಾಂಗಣದಲ್ಲಿ ವೇದಿಕೆಯ ಮೇಲಿನ ದೀಪವೊಂದರ ಡ್ರೈವರು ಸುಟ್ಟುಹೋಯಿತು. ಎಲೆಕ್ಟ್ರಿಷಿಯನ್ ಅದೇ ಮಾದರಿಯ ಹೊಸ ಡ್ರೈವರನ್ನು ತಂದು ಕೂಡಿಸಿದನು. ದೀಪ ಹೊತ್ತಿತು, ಎಲ್ಲರಿಗೂ ಸಮಾಧಾನವಾಯಿತು. ಮರುದಿನ ನಿಶ್ಚಿತಾರ್ಥವೊಂದರ ನಡುವೆ ಬೆಳಕನ್ನು ಮಂದಗೊಳಿಸಲು ಗುಂಡಿಯೊತ್ತಿದಾಗ ಉಳಿದ ದೀಪಗಳೆಲ್ಲ ತಗ್ಗಿದವು. ಆ ಒಂದು ದೀಪ ಮಾತ್ರ ಮದುಮಗಳ ನೆತ್ತಿಯ ಮೇಲೆ ಉರಿಬಿಸಿಲಿನಂತೆ ಉರಿಯುತ್ತಲೇ ಇದ್ದಿತು.

ದೀಪದ ತಪ್ಪೇನೂ ಇರಲಿಲ್ಲ. ಹೊಸ ಡ್ರೈವರಿಗೆ ವಿಳಾಸವಿಲ್ಲ. ತಾನು ಯಾವ ಗುಂಪಿನವನೆಂಬುದು ತಿಳಿಯದು. ದೃಶ್ಯಗಳ ನೆನಪೂ ಇಲ್ಲ. ವಿದ್ಯುತ್ತು ಬಂದೊಡನೆ ಪೂರ್ಣವಾಗಿ ಬೆಳಗುವುದು ಅದರ ಹುಟ್ಟುಗುಣ. ಕೆಲವು ನಿಯಂತ್ರಕಗಳು ಕಾಣೆಯಾದ ಒಂದು ಡ್ರೈವರಿನ ಜಾಗಕ್ಕೆ ಹೊಸದು ಬಂದುದನ್ನು ತಾವೇ ಗುರುತಿಸಿ ಹಳೆಯ ವಿಳಾಸವನ್ನು ಕೊಡುವುದುಂಟು. ಆದರೆ ಇಲ್ಲಿದ್ದುದು ಅಂತಹುದಲ್ಲ.

ಮಾತು ಬಿದ್ದುದು ಯಾರ ಮೇಲೆ? ಕುಂದಾಪುರ ಕಡೆಯ ಆ ಯುವಕ ಮ್ಯಾನೇಜರನ ಮೇಲೆ. “ನಿನ್ನೆಯೇ ನೋಡಿಕೊಳ್ಳಬೇಕಿತ್ತಲ್ಲ ಮಾರಾಯ!” ಎಂದು ಯಜಮಾನರು ಅತಿಥಿಗಳೆದುರಿಗೇ ಗದರಿಸಿದರು. ಸಂಬಳದಲ್ಲಿ ಹಿಡಿಯುವ ಮಾತೂ ಬಂದಿತು. ದೀಪಗಳನ್ನು ಕೂಡಿಸಿಕೊಟ್ಟ ಸಂಸ್ಥೆಯನ್ನು ಹುಡುಕಿದರೆ ಅದು ಬಾಗಿಲು ಹಾಕಿ ವರ್ಷವಾಗಿದ್ದಿತು. ಕಡತದ ಪ್ರತಿ ಕಟ್ಟಡದಲ್ಲಿ ಯಾರ ಬಳಿಯೂ ಇರಲಿಲ್ಲ. ಮತ್ತೊಂದು ಸಂಸ್ಥೆಯವರು ಬಂದು ನೋಡಿ, ಎಲ್ಲವನ್ನೂ ಕಿತ್ತು ಹೊಸದಾಗಿ ಮಾಡಬೇಕೆಂದು ದೊಡ್ಡ ಮೊತ್ತದ ಅಂದಾಜುಪಟ್ಟಿಯನ್ನು ಮುಂದಿಟ್ಟರು.

ಅಷ್ಟರ ಅಗತ್ಯವಿರಲಿಲ್ಲವೆಂಬುದು ಅನಂತರ ಸ್ಪಷ್ಟವಾಯಿತು. ಡಾಲಿ ಪದ್ಧತಿಯಲ್ಲಿ ಪ್ರತಿಯೊಂದು ಡ್ರೈವರನ್ನೂ ‘ನಿನ್ನ ವಿಳಾಸವೇನು, ಗುಂಪು ಯಾವುದು, ಯಾವ ದೃಶ್ಯಕ್ಕೆ ಎಷ್ಟು ಬೆಳಕು’ ಎಂದು ಕೇಳಿ ಉತ್ತರ ಪಡೆಯಲು ಸಾಧ್ಯವಿದೆ. ಕೆಲಸ ಬಲ್ಲ ಎಂಜಿನಿಯರೊಬ್ಬರು ಎರಡು ರಾತ್ರಿ ಕುಳಿತು ಒಂದೊಂದೇ ದೀಪವನ್ನು ಮಿಣುಕಿಸಿದರು. ಹೋಟೆಲಿನ ಗುಮಾಸ್ತ ಕೆಳಗೆ ನಿಂತು, ಯಾವ ಅಂಕೆಗೆ ಯಾವ ದೀಪ ಮಿಣುಕಿತೆಂಬುದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡನು. ಹೊಸ ಡ್ರೈವರಿಗೆ ಹಳೆಯ ವಿಳಾಸ ದೊರಕಿತು. ಆ ನೋಟುಬುಕ್ಕು ಇಂದು ಹೋಟೆಲಿನ ಲೈಸೆನ್ಸ್ ಪತ್ರಗಳ ಜೊತೆಯಲ್ಲಿ ಬೀರುವಿನಲ್ಲಿದೆ.

ಕೆ.ಎನ್.ಎಕ್ಸ್. ಆಗಿದ್ದರೆ ಬಿಡುಗಡೆ ಇಷ್ಟು ಸುಲಭವಾಗುತ್ತಿರಲಿಲ್ಲ. ಉಪಕರಣಗಳಿಂದ ಕಡತವನ್ನು ಒಂದಿಷ್ಟು ಮರಳಿ ಕಟ್ಟುವ ಸಾಧನಗಳಿದ್ದರೂ, ಹೆಸರುಗಳೂ ನಕ್ಷೆಯೂ ಮರಳಿ ಬರುವುದಿಲ್ಲ. ಕಡತಕ್ಕೆ ಹಾಕಿದ ಗುಪ್ತಪದ ಕಳೆದುಹೋದರೆ ಕಡತವಿದ್ದೂ ಇಲ್ಲದಂತೆ. ಉಪಕರಣಗಳಿಗೇ ಬೇರೊಂದು ಕೀಲಿಪದ ಹಾಕಿ ಅದನ್ನು ಮರೆತಿದ್ದರಂತೂ, ತಯಾರಕರ ಸಹಾಯವಿಲ್ಲದೆ ಅವುಗಳಲ್ಲಿ ಹೊಸದನ್ನು ಬರೆಯುವಂತಿಲ್ಲ.

ಕೇಳಿ ಪಡೆಯಬೇಕಾದುದು

ಕೆಲಸದ ಆದೇಶಪತ್ರವನ್ನು ಬರೆಯುವವರೂ, ಬಿಲ್ಲುಗಳನ್ನು ಪರಿಶೀಲಿಸುವವರೂ ಅನೇಕ ವೇಳೆ ನಮ್ಮ ಗುಮಾಸ್ತ ಬಂಧುಗಳೇ ಆಗಿರುತ್ತಾರೆ. ಅವರು ಕೆಳಗಿನ ಸಂಗತಿಗಳನ್ನು ಯಜಮಾನರ ಗಮನಕ್ಕೆ ತರಬೇಕೆಂದು ನಮ್ಮ ಬಿನ್ನಹ.

ಒಂದು: ಯೋಜನಾ ಕಡತದ ಕೊನೆಯ ಪ್ರತಿಯನ್ನು ಅದರ ಮೂಲರೂಪದಲ್ಲಿಯೇ ಒಪ್ಪಿಸತಕ್ಕದ್ದೆಂದು ಆದೇಶಪತ್ರದಲ್ಲಿ ಮೊದಲೇ ಬರೆಯಿಸಬೇಕು. ಕಾಗದದ ಮೇಲೆ ಅಚ್ಚುಮಾಡಿದ ಪಟ್ಟಿ ಓದುವುದಕ್ಕೆ ಒದಗೀತೇ ಹೊರತು ತಿದ್ದುವುದಕ್ಕೆ ಒದಗದು.

ಎರಡು: ಕಡತದ ಗುಪ್ತಪದವನ್ನೂ ಉಪಕರಣಗಳ ಕೀಲಿಪದವನ್ನೂ ಬರವಣಿಗೆಯಲ್ಲಿ ಪಡೆದು ಯಜಮಾನರ ವಶದಲ್ಲಿಡಬೇಕು.

ಮೂರು: ತಂತ್ರಾಂಶದ ಹೆಸರನ್ನೂ ಅದು ಎಷ್ಟನೆಯ ಆವೃತ್ತಿಯೆಂಬುದನ್ನೂ ಗುರುತಿಸಿಡಬೇಕು. ಹೊಸ ಆವೃತ್ತಿಯಲ್ಲಿ ತೆರೆದು ಉಳಿಸಿದ ಕಡತವನ್ನು ಹಳೆಯ ಆವೃತ್ತಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಕೆಲವು ಕಂಪೆನಿಗಳ ತಂತ್ರಾಂಶ ಅವರಿಂದ ತರಬೇತಿ ಪಡೆದವರಿಗೆ ಮಾತ್ರ ದೊರೆಯುತ್ತದೆ. ಹಾಗಿದ್ದರೆ ಅದನ್ನು ಕೊಳ್ಳುವ ಮೊದಲೇ ತಿಳಿದಿರುವುದು ಲೇಸು.

ನಾಲ್ಕು: ಪ್ರತಿಯೊಂದು ದೀಪದ ವಿಳಾಸವನ್ನು ಚಾವಣಿಯ ನಕ್ಷೆಯ ಮೇಲೆ ಬರೆಯಿಸಿ ಇಟ್ಟುಕೊಳ್ಳಬೇಕು.

ಐದು: ಮುಂದೆ ಎಷ್ಟು ಸಣ್ಣ ಬದಲಾವಣೆಯಾದರೂ ಹೊಸ ಪ್ರತಿಯನ್ನು ತಾರೀಖು ಹಾಕಿ ಪಡೆದು, ಎರಡು ಬೇರೆ ಸ್ಥಳಗಳಲ್ಲಿ ಕಾಪಾಡಬೇಕು. ಹಳೆಯ ಕಡತದಿಂದ ಹೊಸ ಕೆಲಸ ಮಾಡಹೊರಟರೆ ಮಧ್ಯದಲ್ಲಿ ಆದ ತಿದ್ದುಪಾಟುಗಳೆಲ್ಲ ಅಳಿಸಿಹೋಗುವ ಸಂಭವವುಂಟು.

ಇವುಗಳೆಲ್ಲ ಕೈಸೇರಿದ ಮೇಲೆಯೇ ಕೊನೆಯ ಕಂತಿನ ಹಣವನ್ನು ಸಲ್ಲಿಸುವುದು ಜಾಣತನ. ಹಣ ಸಂದಾಯವಾದ ಮೇಲೆ ಕೇಳುವವನ ದನಿಗೆ ಬೆಲೆ ಕಡಿಮೆ.

ಕಲಿಯಬಾರದ ವಿದ್ಯೆಯೇನಲ್ಲ

ನಮ್ಮ ಹುಡುಗರಿಗೂ ಈ ವಿದ್ಯೆ ಎಟುಕದುದಲ್ಲವೆಂದು ನಾವು ನಂಬಿದ್ದೇವೆ. ಇ.ಟಿ.ಎಸ್. ತಂತ್ರಾಂಶವನ್ನು ಐದು ಉಪಕರಣಗಳ ಮಿತಿಯಲ್ಲಿ ಹಣವಿಲ್ಲದೆ ಅಭ್ಯಾಸ ಮಾಡಬಹುದು. ಒಂದು ಕೋಣೆಯಲ್ಲಿ ಯಾವ ದೀಪ ಎಷ್ಟು ಬೆಳಕು ಬೀರೀತೆಂದು ಲೆಕ್ಕಹಾಕುವ ಜರ್ಮನಿಯ ‘ಡಯಲಕ್ಸ್’ ತಂತ್ರಾಂಶವೂ ಉಚಿತವಾಗಿ ದೊರೆಯುತ್ತದೆ. ಹಗಲು ಕೆಲಸ ಮಾಡಿ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರ ಪರಂಪರೆ ನಮ್ಮದು. 2017ರಲ್ಲಿ ಪರಿಷ್ಕೃತವಾದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು ದೊಡ್ಡ ವಾಣಿಜ್ಯ ಕಟ್ಟಡಗಳಲ್ಲಿ ದೀಪಗಳು ತಾವಾಗಿ ಆರುವ ಏರ್ಪಾಡನ್ನು ಅಪೇಕ್ಷಿಸುತ್ತದೆ. ಆದುದರಿಂದ ಈ ಕೆಲಸ ಬಲ್ಲವರಿಗೆ ಬೇಡಿಕೆ ಹೆಚ್ಚಬಹುದೇ ವಿನಾ ತಗ್ಗಲಾರದು. ಮಾಣಿಯಾಗಿ ಬಂದವನು ಮ್ಯಾನೇಜರನಾಗುವಂತೆಯೇ, ಮ್ಯಾನೇಜರನು ಕಟ್ಟಡದ ಕಡತಗಳನ್ನು ಬಲ್ಲ ಮೇಲ್ವಿಚಾರಕನಾಗಲು ಅಡ್ಡಿಯೇನೂ ಇಲ್ಲ.

ಮಣಿಕೊಂಡದಲ್ಲಿ ದಿನಕ್ಕೊಂದು ಹೊಸ ಬಾಗಿಲು ತೆರೆಯುತ್ತಿದೆ. ಒಳಗೆ ದೀಪಗಳು ಮೆಲ್ಲಮೆಲ್ಲನೆ ಅರಳುತ್ತಿವೆ. ನೋಡಲು ಸೊಗಸೇ ಸರಿ. ಆದರೆ ಅಂತಹ ಕಟ್ಟಡವೊಂದರಲ್ಲಿ ಕೆಲಸಕ್ಕೆ ಸೇರುವ ನಮ್ಮವರು ಮೊದಲ ವಾರದಲ್ಲಿಯೇ ಬೀಗದ ಕೈಗಳ ಗೊಂಚಲನ್ನು ಎಣಿಸಿಕೊಳ್ಳುವಾಗ, “ದೀಪಗಳ ಕಡತ ಎಲ್ಲಿದೆ?” ಎಂದೂ ಒಂದು ಮಾತು ಕೇಳಿಡಲಿ. ಉತ್ತರ ದೊರೆತರೆ ಒಳ್ಳೆಯದು. ದೊರೆಯದಿದ್ದರೆ, ದೀಪಗಳು ಇನ್ನೂ ಸರಿಯಾಗಿ ಉರಿಯುತ್ತಿರುವಾಗಲೇ ಅದನ್ನು ಹುಡುಕಿಸಲಿ.