ನಾಯಿಗೆ ಸೂತಕವಿಲ್ಲ, ಸಂಕಟ ಉಂಟು

ಮನೆಯಲ್ಲಿ ಒಂದು ಸಾವಾದರೆ ನಮ್ಮಲ್ಲಿ ಎಲ್ಲಕ್ಕೂ ಒಂದು ಕ್ರಮವಿದೆ. ಯಾರಿಗೆ ಮೊದಲು ತಿಳಿಸಬೇಕು, ಯಾವ ದಿನ ಏನು ಮಾಡಬೇಕು, ಪಕ್ಕದ ಮನೆಯವರು ಯಾವಾಗ ಅಡುಗೆ ಮಾಡಿ ತಂದುಕೊಡಬೇಕು, ಎಲ್ಲವೂ ಹಿರಿಯರಿಂದ ಬಂದದ್ದು. ಅಳುವವರು ಅಳುತ್ತಾರೆ, ಸಮಾಧಾನ ಹೇಳುವವರು ಹೇಳುತ್ತಾರೆ. ಹನ್ನೊಂದೋ ಹದಿಮೂರೋ ದಿನ ಕಳೆಯುವಷ್ಟರಲ್ಲಿ ಎದೆಯ ಭಾರ ಒಂದಿಷ್ಟಾದರೂ ಇಳಿದಿರುತ್ತದೆ.

ಆದರೆ ಎಂಟು ಹತ್ತು ವರ್ಷ ಮನೆಮಗುವಿನಂತೆ ಬೆಳೆದ ನಾಯಿ ಸತ್ತರೆ? ಅದಕ್ಕೆ ಯಾವ ಕ್ರಮವೂ ಇಲ್ಲ. ಆಫೀಸಿಗೆ ರಜೆ ಚೀಟಿ ಬರೆಯುವಂತಿಲ್ಲ. ಮಾರನೆಯ ಬೆಳಿಗ್ಗೆ ಎಂದಿನಂತೆ ಡಬ್ಬಿಗಳಿಗೆ ಚಿತ್ರಾನ್ನ ತುಂಬಲೇಬೇಕು. ಕಣ್ಣು ಕೆಂಪಾಗಿದ್ದರೆ, "ಅಯ್ಯೋ, ನಾಯಿ ಸತ್ತಿದ್ದಕ್ಕಾ ಇಷ್ಟು ಅಳೋದು? ಇನ್ನೊಂದು ತಂದ್ರಾಯ್ತಪ್ಪ" ಎನ್ನುವವರು ಬೀದಿಗೊಬ್ಬರಾದರೂ ಇರುತ್ತಾರೆ. ಅವರದೇನೂ ಕೆಟ್ಟ ಮನಸ್ಸಲ್ಲ. ಏನು ಹೇಳಬೇಕೆಂದು ಅವರಿಗೂ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ನಾಯಿಮರಿ ಬೇಕೆಂದು ಹಟ ಹಿಡಿಯುವವರು ಮಕ್ಕಳು, ತರುವವರು ಯಜಮಾನರು. ಅದರ ತಟ್ಟೆಗೆ ದಿನಕ್ಕೆರಡು ಸಲ ಅನ್ನ ಹಾಕುವವಳು ಮಾತ್ರ ಗೃಹಿಣಿ. ಆದ್ದರಿಂದ ಅದು ಹೋದಾಗ ಹೊತ್ತುಹೊತ್ತಿಗೂ ಬರಿದು ಕಾಣುವುದು ಅವಳಿಗೇ. ಇಂಥ ದುಃಖ ಉಂಡ ಸೋದರಿಯರಿಗೆ ನಮ್ಮ ಮನೆಯ ಅನುಭವ ಒಂದಿಷ್ಟು ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಾಲ್ಕೇ ದಿನ

ನಮ್ಮ ಕೆಂಚ ಜಾತಿನಾಯಿಯೇನಲ್ಲ. ತುಮಕೂರಿನ ನಮ್ಮ ಬೀದಿಯಲ್ಲೇ ಹುಟ್ಟಿ, ಮಳೆಗಾಲದ ಒಂದು ದಿನ ನಮ್ಮ ಗೇಟಿನೊಳಗೆ ನುಸುಳಿ ಬಂದವನು. ಎಂಟು ವರ್ಷ ನಮ್ಮವನಾಗಿದ್ದ. ವರ್ಷಕ್ಕೊಮ್ಮೆ ಚುಚ್ಚುಮದ್ದು ಹಾಕಿಸುತ್ತಿದ್ದೆವು. ಉಣ್ಣೆ ಹುಳು (ಕೆಲವು ಕಡೆ ಉಣುಗು ಅನ್ನುತ್ತಾರೆ) ಹತ್ತದಿರಲೆಂದು ತಿಂಗಳಿಗೊಮ್ಮೆ ಬೆನ್ನಿಗೆ ಔಷಧಿಯ ಹನಿಯನ್ನೂ ಬಿಡುತ್ತಿದ್ದೆವು.

ಒಂದು ಸೋಮವಾರ ಮುದ್ದೆ ಹಾಲು ಮುಟ್ಟಲಿಲ್ಲ. ಬಿಸಿಲಿಗಿರಬೇಕು ಎಂದುಕೊಂಡೆವು. ಸಂಜೆ ಮೈ ಸುಡುತ್ತಿತ್ತು, ಕೂಡಲೇ ಪಶುವೈದ್ಯರಲ್ಲಿಗೆ ಕರೆದೊಯ್ದೆವು. ಮಂಗಳವಾರ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ವೈದ್ಯರು ತುಟಿ ಎತ್ತಿ ಒಸಡು ತೋರಿಸಿದರು, ಕಾಗದದಂತೆ ಬಿಳಿಚಿತ್ತು. ರಕ್ತ ಪರೀಕ್ಷೆಯಲ್ಲಿ ಉಣ್ಣೆ ಜ್ವರವೆಂದು ತಿಳಿಯಿತು. ಉಣ್ಣೆ ಕಚ್ಚಿದಾಗ ಬಬೇಸಿಯಾ ಎಂಬ ಸೂಕ್ಷ್ಮಜೀವಿ ರಕ್ತಕ್ಕೆ ಸೇರಿ ಕೆಂಪು ಕಣಗಳನ್ನೇ ಒಡೆದುಹಾಕುತ್ತದಂತೆ. ಇಂಜೆಕ್ಷನ್ ಆಯಿತು, ಡ್ರಿಪ್ ಆಯಿತು. ಬುಧವಾರ, "ರಕ್ತ ಕೊಡಬೇಕಾಗಬಹುದು, ಬೆಂಗಳೂರಿಗೆ ಹೋಗಿ" ಎಂದರು. ನಸುಕಿಗೆ ಹೊರಡುವುದೆಂದು ಬಾಡಿಗೆ ಕಾರಿಗೂ ಹೇಳಿದ್ದಾಯಿತು. ಗುರುವಾರ ಕಾರು ಬರುವ ಮೊದಲೇ, ನಮ್ಮತ್ತೆಯ ಹಳೇ ಸೀರೆಯ ಮೇಲೆ ಮಲಗಿದ್ದ ಹಾಗೆಯೇ ಕೆಂಚ ಹೋಗಿಬಿಟ್ಟ.

ನಮ್ಮತ್ತೆ ಮಡಿ ಹೆಂಗಸು. ಎಂಟು ವರ್ಷ ಅವನನ್ನು ಅಡುಗೆಮನೆ ಹೊಸಿಲು ದಾಟಲು ಬಿಟ್ಟವರಲ್ಲ. ಅವತ್ತು ಅವರೇ ಅವನ ಬಾಯಿಗೆ ಎರಡು ಹನಿ ನೀರು ಬಿಟ್ಟರು. "ಇದಕ್ಕೆ ಸೂತಕ ಇಲ್ವಲ್ಲ ಅತ್ತೆ" ಎಂದೆ, ಏನು ಹೇಳಬೇಕೆಂದು ತೋಚದೆ. "ಸೂತಕ ಇಲ್ಲ ಕಣಮ್ಮ, ಸಂಕಟ ಇದೆಯಲ್ಲ" ಎಂದರು. ಆ ಮಾತನ್ನೇ ಹಿಡಿದುಕೊಂಡು ನಾವು ಮುಂದಿನ ದಿನಗಳನ್ನು ನೂಕಿದೆವು.

ಈ ಲಕ್ಷಣ ಕಂಡರೆ ತಡ ಬೇಡ

ನಾಯಿಯ ಮೈ ನಮ್ಮದಕ್ಕಿಂತ ಸ್ವಲ್ಪ ಬಿಸಿಯೇ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ. ಅದಕ್ಕಿಂತ ಹೆಚ್ಚಾಗಿ ಊಟವನ್ನೂ ಬಿಟ್ಟರೆ ವೈದ್ಯರಿಗೆ ತೋರಿಸಬೇಕು. ಉಳಿದಂತೆ ಇವನ್ನು ನೆನಪಿಡಿ:

* ಒಸಡು ಗುಲಾಬಿಯಾಗಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬಿಳಿಚಿದ್ದರೆ ಅಥವಾ ಹಳದಿಯಾಗಿದ್ದರೆ ಅವತ್ತೇ ಆಸ್ಪತ್ರೆಗೆ.
* ಮೂತ್ರ ಕಂದು ಬಣ್ಣಕ್ಕೆ ತಿರುಗುವುದು, ಮೂಗಿನಿಂದ ರಕ್ತ ಬರುವುದು ಉಣ್ಣೆ ಜ್ವರದಲ್ಲಿ ಕಾಣುವ ಲಕ್ಷಣಗಳು.
* ಮರಿಗೆ ವಾಂತಿ, ರಕ್ತ ಬೆರೆತ ನಾರುವ ಭೇದಿ ಆದರೆ ಪಾರ್ವೊ ಇರಬಹುದು. ಇದಕ್ಕೆ ಲಸಿಕೆಯುಂಟು. 6ರಿಂದ 8 ವಾರದಲ್ಲಿ ಮೊದಲನೆಯದು, ಆಮೇಲೆ 3-4 ವಾರಕ್ಕೊಮ್ಮೆ, ಕನಿಷ್ಠ 16 ವಾರ ತುಂಬುವ ತನಕ.
* ದೊಡ್ಡ ಎದೆಯ, ಎತ್ತರದ ನಾಯಿಯ ಹೊಟ್ಟೆ ಉಬ್ಬಿ, ವಾಂತಿಗೆ ಒದ್ದಾಡಿದರೂ ಏನೂ ಹೊರಬಾರದಿದ್ದರೆ ಜಠರ ತಿರುಚಿಕೊಂಡಿರಬಹುದು. ಇದರಲ್ಲಿ ಗಂಟೆಗಳ ಲೆಕ್ಕ. ರಾತ್ರಿಯಾದರೂ ಹೊರಡಿ.
* ಜೊಲ್ಲು ಸುರಿಸುತ್ತ, ನುಂಗಲಾರದೆ, ಸ್ವಭಾವವೇ ಬದಲಾದ ನಾಯಿಯ ಬಾಯಿಗೆ ಕೈ ಹಾಕಬೇಡಿ. ರೇಬೀಸ್ ಇದ್ದೀತು. ಅಂಥ ನಾಯಿ ಕಚ್ಚಿದರೆ, ಪರಚಿದರೆ ಅಥವಾ ಗಾಯ ನೆಕ್ಕಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಆ ದಿನವೇ ಲಸಿಕೆ ಶುರು ಮಾಡಿಸಿ.

ಜ್ವರವೆಂದು ನಮ್ಮ ಮಾತ್ರೆ ಡಬ್ಬಿಯಿಂದ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ. ಮನುಷ್ಯರಿಗೆ ಹಿತವಾದದ್ದು ನಾಯಿಗೆ ವಿಷವಾದೀತು. ಅಡುಗೆಮನೆಯಲ್ಲೂ ಅಷ್ಟೆ. ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಇವೆಲ್ಲ ಅದರ ತಟ್ಟೆಗೆ ಬೇಡ.

ಸ್ಥಳೀಯ ವೈದ್ಯರು ದೊಡ್ಡ ಆಸ್ಪತ್ರೆಗೆ ಹೋಗಿ ಎಂದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಅವುಗಳ ಆಸ್ಪತ್ರೆಗಳಲ್ಲಿ ನಾಯಿಗಳಿಗೂ ಚಿಕಿತ್ಸೆ ಕೊಡುತ್ತಾರೆ. ಫೋನ್ ನಂಬರನ್ನು ಮೊದಲೇ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಂಡರೆ ಒಳ್ಳೆಯದು.

"ಅವತ್ತೇ ನೋಡಿದ್ದರೆ..."

ನಾಯಿ ಹೋದ ಮನೆಯಲ್ಲಿ ಒಬ್ಬರಾದರೂ ಈ ಮಾತಿಗೆ ಸಿಕ್ಕಿಬೀಳುತ್ತಾರೆ. ನಮ್ಮಲ್ಲಿ ಮಗಳು. ಪಿಯುಸಿ ಓದುವ ಹುಡುಗಿ, "ಭಾನುವಾರವೇ ಅವನು ಮಂಕಾಗಿದ್ದ ಅಲ್ವಾಮ್ಮ?" ಎಂದು ಊಟ ಬಿಟ್ಟಳು. ಅವಳನ್ನು ವೈದ್ಯರಲ್ಲಿಗೇ ಕರೆದುಕೊಂಡು ಹೋದೆ. ಅವರು ತಾಳ್ಮೆಯಿಂದ ಹೇಳಿದರು: "ನೋಡಮ್ಮ, ನಾಯಿ ತನ್ನ ನೋವು ತೋರಿಸಿಕೊಳ್ಳೋ ಪ್ರಾಣಿ ಅಲ್ಲ. ನಮಗೆ ಕಾಣೋ ಹೊತ್ತಿಗೆ ಒಳಗೆ ಬಹಳ ಮುಂದುವರಿದಿರುತ್ತೆ. ಔಷಧಿ ಹಾಕಿದ್ದರೂ ಕೆಲವು ಸಲ ಒಂದು ಉಣ್ಣೆ ಸಾಕು." ನಾನು ನೂರು ಸಲ ಹೇಳಿದ್ದು ನಾಟದೆ ಅವರು ಒಂದು ಸಲ ಹೇಳಿದ್ದು ನಾಟಿತು. ನಿಮ್ಮ ಮನೆಯಲ್ಲೂ ಹೀಗಾದರೆ ವೈದ್ಯರ ಬಾಯಿಂದಲೇ ಕೇಳಿಸಿ.

ಇನ್ನು ಕೆಲವರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬರುತ್ತದೆ. ಗುಣವಾಗುವ ಆಸೆಯೇ ಇಲ್ಲ, ನೋವು ಸಹಿಸಲಾಗದು ಎಂದಾದಾಗ ದಯಾಮರಣದ ಇಂಜೆಕ್ಷನ್ ಕೊಡಲೇ ಎಂದು ವೈದ್ಯರು ಕೇಳುತ್ತಾರೆ. ಪಾಪವೇನೋ ಎಂದು ಜೀವ ಹಿಂಡುತ್ತದೆ. ಕೂತು ವಿವರವಾಗಿ ಕೇಳಿ ತಿಳಿದುಕೊಂಡು, ಮನೆಯವರೆಲ್ಲ ಸೇರಿ ನಿರ್ಧರಿಸಿ. ಆಗುವುದಾದರೆ ಆ ಹೊತ್ತಿನಲ್ಲಿ ಅದರ ತಲೆಯ ಮೇಲೆ ನಿಮ್ಮ ಕೈಯಿರಲಿ. ಅದಕ್ಕೆ ಬೇಕಾದದ್ದು ಅಷ್ಟೆ.

ಮಕ್ಕಳಿಗೆ ಏನು ಹೇಳುವುದು?

ನಿಜವನ್ನೇ ಹೇಳಿ. "ಊರಿಗೆ ಕಳಿಸಿದೀವಿ" ಎಂದರೆ ಮಗು ದಿನವೂ ಗೇಟು ಕಾಯುತ್ತದೆ. "ನಿದ್ದೆ ಮಾಡಿದೆ" ಎಂದರೆ ತಾನು ಮಲಗುವುದಕ್ಕೇ ಹೆದರೀತು. "ಅದರ ಮೈಗೆ ದೊಡ್ಡ ಕಾಯಿಲೆ ಬಂತು, ಡಾಕ್ಟರು ಪ್ರಯತ್ನಪಟ್ಟರು, ಆಗಲಿಲ್ಲ. ಸತ್ತುಹೋಯಿತು. ಇನ್ನು ಬರಲ್ಲ" ಎಂದು ಪುಟ್ಟ ಮಾತಿನಲ್ಲಿ ಹೇಳಿದರೆ ಸಾಕು. ಒಂಬತ್ತು ವರ್ಷದ ನಮ್ಮ ಮಗ ಕೇಳಿದ ಮೊದಲ ಪ್ರಶ್ನೆ, "ನಮಗೂ ಅಂಟತ್ತಾ?" ಎಂದು. ಈ ಉಣ್ಣೆ ಜ್ವರ ನಾಯಿಯಿಂದ ನೇರವಾಗಿ ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಇಲಿ ಜ್ವರ ನಾಯಿಯ ಮೂತ್ರದಿಂದ ಅಂಟಬಹುದು. ಯಾವ ಕಾಯಿಲೆಯೆಂದು ವೈದ್ಯರನ್ನು ಕೇಳಿಕೊಂಡೇ ಮಕ್ಕಳಿಗೆ ಉತ್ತರ ಕೊಡಿ.

ಮನೆಯ ಗಂಡಸರನ್ನೂ ಮರೆಯಬೇಡಿ. ನಮ್ಮವರು ಯಾರೆದುರೂ ಅಳಲಿಲ್ಲ. ರಾತ್ರಿ ಸ್ಕೂಟರ್ ಒರೆಸುವ ನೆಪದಲ್ಲಿ ಹೊರಗೇ ನಿಲ್ಲುತ್ತಿದ್ದರು. ಬಸವರಾಜ ಬೊಮ್ಮಾಯಿಯವರ ಮನೆಯ ನಾಯಿ ಸನ್ನಿ 2021ರಲ್ಲಿ ತೀರಿಕೊಂಡಿತ್ತು. 2022ರ ಜೂನ್‌ನಲ್ಲಿ, ಮುಖ್ಯಮಂತ್ರಿಯಾಗಿದ್ದ ಅವರು '777 ಚಾರ್ಲಿ' ಚಿತ್ರ ನೋಡಿ ಎಲ್ಲರೆದುರೇ ಕಣ್ಣೀರು ಹಾಕಿದರು. ಅದನ್ನು ನೆನಪಿಸಿದ ಮೇಲೆ ನಮ್ಮವರೂ ಒಂದೆರಡು ಮಾತಾಡಿದರು.

ಸಾವಿರ ವರ್ಷದ ಹಿಂದಿನ ಕಲ್ಲು

ನಾಯಿಗಾಗಿ ಅಳುವುದು ಈಗಿನವರ ಷೋಕಿ ಎನ್ನುವವರಿಗೆ ಆತಕೂರಿನ ಕಲ್ಲಿನ ಕಥೆ ಹೇಳಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿದ್ದ ಈ ವೀರಗಲ್ಲು ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಕಾಳಗದಲ್ಲಿ ಚೋಳರ ಮೇಲೆ ಪರಾಕ್ರಮ ತೋರಿದ ಮಣಲೆರ ಎಂಬ ವೀರನನ್ನು ಗಂಗ ದೊರೆ ಎರಡನೆಯ ಬೂತುಗ ಮೆಚ್ಚಿ, ಬೇಕಾದ್ದು ಕೇಳು ಎಂದ. ಆತ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಆ ನಾಯಿ ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ನಾಯಿ ಹಂದಿ ಕಾದಾಡುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧ ಗೆದ್ದ ವೀರನಿಗೇ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಲು ನಾಚಿಕೆಯಾಗಲಿಲ್ಲ. ನಮಗೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳಲು ಯಾಕೆ ನಾಚಿಕೆ?

ನಾವೇ ಮಾಡಿಕೊಂಡ ಕ್ರಮ

ಹಿರಿಯರಿಂದ ಬಂದ ಕ್ರಮ ಇಲ್ಲದಿದ್ದರೆ ಮನೆಯವರೇ ಒಂದು ಮಾಡಿಕೊಳ್ಳಬೇಕು. ನಾವು ಕೆಂಚನನ್ನು ಮೈದುನನ ತೋಟಕ್ಕೆ ಒಯ್ದೆವು. ಬಾವಿಯಿಂದ ದೂರ, ನಾಲ್ಕಡಿ ಆಳದ ಗುಂಡಿಯಲ್ಲಿ ಬಟ್ಟೆ ಸುತ್ತಿ ಮಲಗಿಸಿ, ಮೇಲೆ ಒಂದು ಸಂಪಿಗೆ ಸಸಿ ನೆಟ್ಟೆವು. ಮಕ್ಕಳೂ ಒಂದೊಂದು ಹಿಡಿ ಮಣ್ಣು ಹಾಕಿದರು. ಪಟ್ಟಣದಲ್ಲಿ ಜಾಗವಿಲ್ಲದವರು ನಗರಸಭೆಯವರನ್ನೋ ಪ್ರಾಣಿದಯಾ ಸಂಘದವರನ್ನೋ ವಿಚಾರಿಸಬೇಕು. ಮೂರನೆಯ ದಿನ ಅವನಿಗೆ ಇಷ್ಟವಾದ ಮೊಸರನ್ನ ಕಲಸಿ ಬೀದಿನಾಯಿಗಳಿಗೆ ಹಾಕಿದೆವು. ಇದು ಅತ್ತೆಯ ಯೋಚನೆ. ಕೊರಳ ಪಟ್ಟಿಯನ್ನು ಮಗಳು ತೆಗೆದಿಟ್ಟುಕೊಂಡಳು. ಹಾಸಿಗೆ ಗೋಣಿಯನ್ನು ಸುಟ್ಟೆವು. ಉಣ್ಣೆ ಗೋಡೆಯ ಬಿರುಕಿನಲ್ಲಿ ಅಡಗಿ ಮೊಟ್ಟೆಯಿಡುತ್ತದೆ, ಆದ್ದರಿಂದ ವೈದ್ಯರು ಹೇಳಿದ ಔಷಧಿಯನ್ನು ಮೂಲೆಮೂಲೆಗೂ ಹೊಡೆಸಿದೆವು.

ಕಷ್ಟದ ಹೊತ್ತೆಂದರೆ ಊಟದ ಹೊತ್ತು, ವಾಕಿಂಗ್ ಹೊತ್ತು. ಆ ಹೊತ್ತನ್ನು ಖಾಲಿ ಬಿಡಬೇಡಿ. ನಾನು ಸಂಜೆ ಅದೇ ದಾರಿಯಲ್ಲಿ ನಡೆಯುವುದನ್ನು ಬಿಡಲಿಲ್ಲ. ಮೊದಲ ವಾರ ಕಾಲೇಳಲಿಲ್ಲ, ಆಮೇಲೆ ಹಗುರವಾಯಿತು. ಒಂಟಿಯಾಗಿರುವ ಹಿರಿಯರಿಗೆ ಇದು ಇನ್ನೂ ಮುಖ್ಯ. ವಾರಗಳು ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ವೈದ್ಯರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಫೋನ್ ಮಾಡಿ ಮಾತನಾಡಲೂಬಹುದು.

ಇನ್ನೊಂದು ನಾಯಿ ತರಬೇಕೆ?

ಅವಸರ ಬೇಡ. ಹೋದವನ ಜಾಗ ತುಂಬಲೆಂದು ತಂದ ಮರಿ ಪಾಪ, ಪ್ರತಿದಿನ ಹೋಲಿಕೆಗೆ ಸಿಕ್ಕಿ ಬೈಸಿಕೊಳ್ಳುತ್ತದೆ. ಮನೆಯವರೆಲ್ಲರ ಮನಸ್ಸೂ ಒಪ್ಪಲಿ, ಹೆಸರೂ ಬೇರೆಯಿರಲಿ. ಪಾರ್ವೊದಿಂದ ಸತ್ತಿದ್ದರೆ ಇನ್ನೂ ಎಚ್ಚರ ಬೇಕು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನೆಲವನ್ನು ಚೆನ್ನಾಗಿ ತೊಳೆದ ಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಬಿಟ್ಟು ಒರೆಸಿ. ಲಸಿಕೆ ಪೂರ್ತಿಯಾಗದ ಮರಿಯನ್ನು ಆ ಮನೆಗೆ ತರಬೇಡಿ.

ಕೊನೆಯದಾಗಿ ಒಂದು ಮಾತು, ಇದು ನಾಯಿ ಸಾಕದ ಸೋದರಿಯರಿಗೂ. ನಿಮ್ಮ ಬೀದಿಯಲ್ಲಿ ಯಾರ ಮನೆಯ ನಾಯಿಯಾದರೂ ಸತ್ತರೆ ಸುಮ್ಮನಿರಬೇಡಿ. ಹೋಗಿ ಹತ್ತು ನಿಮಿಷ ಕೂತು ಬನ್ನಿ. "ಇನ್ನೊಂದು ತನ್ನಿ" ಎನ್ನಬೇಡಿ. "ಅವನು ನಮ್ಮನೆ ಪೇಪರ್ ಹುಡುಗನಿಗೂ ಬಾಲ ಅಲ್ಲಾಡಿಸ್ತಿದ್ದ, ಅಲ್ವೇನ್ರಿ?" ಎಂದು ನಿಮಗೆ ನೆನಪಿರುವ ಒಂದು ಮಾತು ಹೇಳಿ. ಆ ಸಂಜೆ ಒಂದು ಪಾತ್ರೆ ಸಾರೂ ಅನ್ನವೂ ಕಳಿಸಿಕೊಟ್ಟರೆ ಇನ್ನೂ ಒಳ್ಳೆಯದು. ಅವತ್ತು ಆ ಮನೆಯಾಕೆಗೆ ಒಲೆ ಹಚ್ಚುವ ಮನಸ್ಸಿರುವುದಿಲ್ಲ.